ಬಲಮನೆಯ ಓದು

ನಮ್ಮ ಊರಿನಲ್ಲಿ ಮನೆ ಬಾಡಿಗೆಗಿದೆ ಎಂದು ಜಾಹೀರಾತು ಕೊಡುವವರು ನೀರು, ಗಾಳಿ, ಬೆಳಕಿನ ವಿಷಯವನ್ನು ಕೊನೆಯಲ್ಲಿ ಬರೆಯುತ್ತಾರೆ. ಮೊದಲ ಸಾಲು ಯಾವಾಗಲೂ ಬಲಮನೆಯವರದು. 'ಬಲಮನೆಯವರು ಪೇಪರ್ ಮಾತ್ರ ಓದುತ್ತಾರೆ.' 'ಬಲಮನೆಯಲ್ಲಿ ಪರೀಕ್ಷೆಗೆ ಕಟ್ಟಿದವರು ಯಾರೂ ಇಲ್ಲ.' 'ಬಲಮನೆಯವರು ನಿರಕ್ಷರಿ' ಎಂದಿದ್ದರೆ ಆ ಮನೆ ಅದೇ ದಿನ ಹೋಗಿಬಿಡುತ್ತದೆ. ಊರಿನ ಏಕೈಕ ದಿನಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಈ ಸಾಲುಗಳ ಕರಡು ತಿದ್ದುತ್ತಿರುವವಳು ನಾನು. ಹೆಸರು ನಾಗವೇಣಿ, ವಯಸ್ಸು ಐವತ್ತಮೂರು. ನಿರಕ್ಷರಿ ಎಂದು ಬರೆಸಿದವರಲ್ಲಿ ಅರ್ಧದಷ್ಟು ಜನ ಸುಳ್ಳು ಬರೆಸಿರುತ್ತಾರೆಂದು ನನಗೆ ಗೊತ್ತು. ಆದರೆ ಜಾಹೀರಾತಿನ ಸತ್ಯಾಸತ್ಯತೆಗೆ ಪತ್ರಿಕೆ ಹೊಣೆಯಲ್ಲ.

ಹೊರಗಿನವರಿಗಾಗಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಒಬ್ಬರು ಮನಸ್ಸಿನೊಳಗೆ ಓದಿಕೊಂಡದ್ದು ಎಡಮನೆಯವರಿಗೆ ಕೇಳುತ್ತದೆ. ಎಡ ಬಲ ಎಂದರೆ ಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನಿಂತಾಗಿನ ಎಡ ಬಲ. ಓದಿದ್ದು ಯಾವ ಭಾಷೆಯಾದರೂ ಕೇಳುವುದು ಕನ್ನಡದಲ್ಲಿ, ಓದುವವರ ದನಿಯಲ್ಲೇ, ಅವರಿಗೆ ಅರ್ಥವಾದಷ್ಟು ಮಾತ್ರ. ಗೋಡೆಯನ್ನು ದಪ್ಪ ಮಾಡಿಸಿ ನೋಡಿದವರಿದ್ದಾರೆ. ಗೋಡೆ ದಪ್ಪವಾಯಿತು, ಅಷ್ಟೆ. ನನ್ನ ಬಲಮನೆಯವರು ಹೋಮಿಯೋಪತಿ ಓದುತ್ತಾರೆ. ಊರಿನಲ್ಲಿ ಯಾರಿಗೆ ಯಾವ ಗುಳಿಗೆ ಎಂದು ನಿದ್ದೆಯಲ್ಲಿ ಕೇಳಿದರೂ ನಾನು ಹೇಳಬಲ್ಲೆ.

ನಾನು ಓದುವುದು ಗೇ ಕಾದಂಬರಿಗಳನ್ನು, ಅಂದರೆ ಇಬ್ಬರು ಗಂಡಸರು ಪರಸ್ಪರ ಪ್ರೀತಿಸಿ ಕೊನೆಗೆ ಸುಖವಾಗಿರುವ ಈ ಕಾಲದ ಕಥೆಗಳನ್ನು. ಎಲ್ಲವೂ ಇಂಗ್ಲಿಷಿನವು. ವಿಮರ್ಶೆಗೆಂದು ಪತ್ರಿಕೆಗೆ ಬಂದ ಒಂದು ಪ್ರತಿಯನ್ನು ಕಚೇರಿಯಲ್ಲಿ ಯಾರೂ ಮುಟ್ಟಲಿಲ್ಲ. ತಪ್ಪು ಹುಡುಕೋಣವೆಂದು ಮನೆಗೆ ತಂದೆ. ಮೂವತ್ತೊಂದು ತಪ್ಪು ಸಿಕ್ಕಿದವು, ಮಾರನೇ ದಿನ ಅದೇ ಲೇಖಕರ ಇನ್ನೆರಡಕ್ಕೆ ಬರೆದು ಹಾಕಿದೆ. ಇಂದಿನವರೆಗೆ ನೂರಾ ಅರವತ್ತೆರಡು ಓದಿದ್ದೇನೆ. ಯಾಕೆ ಓದುತ್ತೀ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ. ಬೇರೆ ಕಾದಂಬರಿಗಳಲ್ಲಿ ಅಡುಗೆ ತಾನಾಗಿಯೇ ಆಗಿರುತ್ತದೆ. ಇಲ್ಲಿ ಇಬ್ಬರೂ ಗಂಡಸರಾದ್ದರಿಂದ ಅಡುಗೆ ಯಾರದು ಎಂಬುದನ್ನು ಲೇಖಕರು ಹೇಳಲೇಬೇಕಾಗುತ್ತದೆ. ಅಡುಗೆಯೊಂದೇ ಅಲ್ಲ, ಯಾರು ಯಾರ ಊರಿಗೆ ಹೋಗುವುದು, ಯಾರು ಮೊದಲು ಕೈ ಹಿಡಿಯುವುದು, ಯಾವುದೂ ಮೊದಲೇ ತೀರ್ಮಾನವಾಗಿರುವುದಿಲ್ಲ. ಎಲ್ಲವನ್ನೂ ಕೇಳಿಕೊಂಡೇ ಮುಂದೆ ಹೋಗಬೇಕು. ಅವರು ಕೇಳಿಕೊಳ್ಳುವುದನ್ನು ಓದಿದಷ್ಟೂ ನನಗೆ ಸಾಲದು. ದೋಷಗಳೂ ಇವೆ. ಪುಸ್ತಕದ ಮುಕ್ಕಾಲು ಭಾಗ ಮುಗಿದಾಗ ಇಬ್ಬರೂ ಜಗಳವಾಡಿ ದೂರವಾಗುತ್ತಾರೆ. ನೂರಾ ಅರವತ್ತೆರಡರಲ್ಲಿ ನೂರಾ ಮೂವತ್ತೇಳು ಪುಸ್ತಕಗಳಲ್ಲಿ ಹೀಗಾಗಿದೆ, ನಾನು ಲೆಕ್ಕ ಇಟ್ಟಿದ್ದೇನೆ. ಹತ್ತು ನಿಮಿಷ ಬಾಯಿಬಿಟ್ಟು ಮಾತಾಡಿದ್ದರೆ ಇವುಗಳಲ್ಲಿ ಒಂದು ಜಗಳವೂ ನಡೆಯುತ್ತಿರಲಿಲ್ಲ.

ಇವುಗಳಲ್ಲಿ ಬಹುಪಾಲನ್ನು ನನ್ನ ಜೊತೆ ಕೇಳಿದವನು ಎಡಮನೆಯ ಟೈಲರ್ ಹಾಲಪ್ಪ. ಹನ್ನೊಂದು ವರ್ಷದ ಹಿಂದೆ ಬಂದ. ಆಗ ಮೂವತ್ತಾರರ ಒಂಟಿ ಗಂಡಸು, ಹೊಲಿಗೆ ಮಿಷಿನ್ನು ಮೂರು. 'ಬಲಮನೆಯವರು ಕಾದಂಬರಿ ಓದುತ್ತಾರೆ' ಎಂದಷ್ಟೇ ಮನೆಯ ಯಜಮಾನರು ಬರೆಸಿದ್ದರು. ಎಂಥವು ಎಂದು ಬರೆಸಿರಲಿಲ್ಲ. ಮೊದಲ ತಿಂಗಳು ಹಾಲಪ್ಪ ತುಟಿ ಬಿಚ್ಚಲಿಲ್ಲ. ಎರಡನೇ ಪುಸ್ತಕದ ಹದಿನಾಲ್ಕನೇ ಅಧ್ಯಾಯ ಮುಗಿಸಿ ನಾನು ಎದ್ದಾಗ ಗೋಡೆಯಾಚೆಯಿಂದ 'ಮುಂದೆ?' ಎಂದು ಕೇಳಿಸಿತು. ಅಲ್ಲಿಂದಾಚೆಗೆ ನನ್ನ ಓದು ನನ್ನದಾಗಿ ಉಳಿಯಲಿಲ್ಲ. ಅವನು ಸಂತೆಗೆ ಹೋದಾಗ ಓದುವಂತಿರಲಿಲ್ಲ. ಪುಸ್ತಕವನ್ನು ಕಚೇರಿಗೆ ಒಯ್ಯುವಂತಿರಲಿಲ್ಲ. ನನಗೆ ಅರ್ಥವಾಗದ ವಾಕ್ಯ ಅವನಿಗೆ ಖಾಲಿಯಾಗಿ ಕೇಳುತ್ತಿದ್ದುದರಿಂದ, 'ಬುಧವಾರ ಎರಡು ಸಾಲು ಬಿಟ್ಟಿದ್ರಿ ಅಕ್ಕ' ಎಂದು ತಗಾದೆ ತೆಗೆಯುತ್ತಿದ್ದ. ಅವನ ಕಾಟಕ್ಕೆ ದೊಡ್ಡ ನಿಘಂಟು ತಂದೆ. ಒಮ್ಮೆ ತಾಳಲಾರದೆ ಕೊನೆಯ ಪುಟ ನೋಡಿಬಿಟ್ಟಿದ್ದಕ್ಕೆ ಒಂಬತ್ತು ದಿನ ಮಾತು ಬಿಟ್ಟ. ಮಂಚದ ಪುಟಗಳು ಬಂದಾಗ ನಾನು ಬೇಗಬೇಗ ಓದುತ್ತಿದ್ದೆ, ಆಚೆ ಅವನು ಮಿಷಿನ್ನು ಜೋರಾಗಿ ತುಳಿಯುತ್ತಿದ್ದ. ಆ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಲಿಲ್ಲ.

ಹಾಲಪ್ಪನ ಮಿಷಿನ್ನುಗಳಿಗೆ ಎಣ್ಣೆ ಬಿಡಲು ಪ್ರತಿ ಮಂಗಳವಾರ ಬರುತ್ತಿದ್ದವನು ತಿಪ್ಪೇಶಿ. ಮಿಷಿನ್ ರಿಪೇರಿಯವನು, ಹಾಲಪ್ಪನಿಗಿಂತ ಎರಡು ವರ್ಷ ಚಿಕ್ಕವನು, ಅವನೂ ಒಂಟಿ. ಮೂರು ಮಿಷಿನ್ನಿಗೆ ಎಣ್ಣೆ ಬಿಡಲು ಇಪ್ಪತ್ತು ನಿಮಿಷ ಸಾಕು. ತಿಪ್ಪೇಶಿ ಮೂರು ಗಂಟೆಗೆ ಬಂದರೆ ಏಳಕ್ಕೆ ಹೋಗುತ್ತಿದ್ದ. ಮಂಗಳವಾರ ನನಗೆ ವಾರದ ರಜೆ, ಇದನ್ನು ಕಂಡ ಸಂಗತಿಯಾಗಿ ಹೇಳುತ್ತಿದ್ದೇನೆ, ಅಭಿಪ್ರಾಯವಾಗಿ ಅಲ್ಲ.

ಒಂದು ಮಂಗಳವಾರ ಅವನು ಹಾಲಪ್ಪನ ಮನೆಗೆ ಹೋಗದೆ ನನ್ನ ಬಾಗಿಲಿಗೆ ಬಂದು ಒಂದು ಕಾಗದ ಕೊಟ್ಟ. ಬಲಮನೆಯಿಂದ ಓದಿಸಬೇಕು ಎಂದ. ಇದು ನಮ್ಮ ಊರಿನ ಪದ್ಧತಿ. ಎದುರಿಗೆ ನಿಂತು ಹೇಳಲಾಗದ್ದನ್ನು ಬರೆದು, ಮುಟ್ಟಬೇಕಾದವರ ಬಲಮನೆಯವರ ಕೈಯಲ್ಲಿ ಕೊಡುತ್ತಾರೆ. ಬಲಮನೆಯವರು ಮನಸ್ಸಿನೊಳಗೆ ಓದುತ್ತಾರೆ, ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ಕೇಳಿದವರು ಗೋಡೆಯ ಮೂಲಕ 'ಮುಟ್ಟಿತು' ಎನ್ನಬೇಕು. ಮಾರನೇ ದಿನದಿಂದ ಎಣಿಸಿ ಮೂರನೇ ದಿನ ಸಂಜೆ ಆರರೊಳಗೆ ಆ ಮಾತು ಬರದಿದ್ದರೆ, ಬರೆದವರು ಬಂದು ಕಾಗದ ವಾಪಸು ಒಯ್ಯುತ್ತಾರೆ. ಉತ್ತರ ಇಲ್ಲ ಎಂದೇ ಅರ್ಥ, ಮತ್ತೆ ಕೇಳುವಂತಿಲ್ಲ. ಓದಿದವರು ಮಾತ್ರ ಆ ಕಾಗದದ ಬಗ್ಗೆ ಯಾರೊಂದಿಗೂ, ಮುಟ್ಟಬೇಕಾದವರೊಂದಿಗೂ, ಒಂದು ಮಾತು ಆಡಬಾರದು. ಆಡಿದವರ ಮನೆಗೆ ಆಮೇಲೆ ಯಾರೂ ಕಾಗದ ತರುವುದಿಲ್ಲ.

ನೇರವಾಗಿ ಅವನ ಕೈಗೇ ಕೊಡಬಾರದೇಕೆ ಎಂದು ಕೇಳಿದೆ. ಹಾಲಪ್ಪ ಓದಿದರೆ ಅವನ ಎಡಮನೆಯ ಕೊಟ್ರಮ್ಮನಿಗೆ ಕೇಳುತ್ತದೆ ಎಂದ ತಿಪ್ಪೇಶಿ. ಅದು ನಿಜ. ಹಾಲಪ್ಪ ಓದುವುದು ಅಳತೆ ಪುಸ್ತಕವೊಂದನ್ನೇ. ಊರಿನ ಹೆಂಗಸರ ಎದೆ, ಸೊಂಟ, ತೋಳಿನ ಸುತ್ತಳತೆ ಇಂಚಿಗಿಂಚು ಕೊಟ್ರಮ್ಮನಿಗೆ ಗೊತ್ತಿದೆ, ಅವಳಿಂದ ಮಿಕ್ಕವರಿಗೂ ಗೊತ್ತಿದೆ. ಹಾಗಾದರೆ ಬಾಯಿಂದಲೇ ಹೇಳಬಹುದಲ್ಲ ಎಂದೆ. 'ಎದುರಿಗೆ ನಿಂತ್ರೆ ಎಣ್ಣೆ ವಿಷಯ ಬಿಟ್ಟು ಬೇರೆ ಏನೂ ಬರಲ್ಲ ಅಕ್ಕ' ಎಂದ. ಹನ್ನೊಂದು ವರ್ಷದಲ್ಲಿ ಐನೂರಕ್ಕೂ ಹೆಚ್ಚು ಮಂಗಳವಾರಗಳು. ಅಷ್ಟರಲ್ಲೂ ಎಣ್ಣೆ ಬಿಟ್ಟು ಬೇರೆ ಬಂದಿಲ್ಲ.

ಕಾಗದದಲ್ಲಿ ಯಾರ ಹೆಸರೂ ಇರಲಿಲ್ಲ. ಮೇಲೆ ತಾರೀಖು, ಕೆಳಗೆ ಇಷ್ಟು: 'ವಾರಕ್ಕೊಂದು ಸಲ ಎಣ್ಣೆ ಬಿಡುವ ಅಗತ್ಯ ಯಾವ ಮಿಷಿನ್ನಿಗೂ ಇಲ್ಲ. ಇದು ನಿನಗೂ ಗೊತ್ತು. ನನಗೆ ಹೊಳೆಯಾಚೆಯ ಊರಿನ ಗಿರಣಿಯಲ್ಲಿ ಕೆಲಸ ಸಿಕ್ಕಿದೆ. ಶನಿವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಹೋಗುತ್ತೇನೆ. ರೂಮು ನೋಡಿ ಬಂದೆ. ನಿನ್ನ ಟೇಬಲ್ಲು ಹಿಡಿಸುತ್ತದೆ, ಅಳೆದು ನೋಡಿದ್ದೇನೆ. ಬಂದರೆ ಇಬ್ಬರೂ ಇರೋಣ. ಬರದಿದ್ದರೆ ಇನ್ನೊಂದು ಸಲ ಕೇಳುವುದಿಲ್ಲ.'

ಇಲ್ಲಿ ನಾನು ಮಾಡಿದ ತಪ್ಪನ್ನು ದಾಖಲಿಸಬೇಕು. ಆ ಸಂಜೆ ಏಳು ಗಂಟೆಗೆ ನನ್ನ ಮಾಮೂಲು ಕುರ್ಚಿಯಲ್ಲಿ ಕೂತು, ಆಗ ಓದುತ್ತಿದ್ದ ಕಾದಂಬರಿಯ ಹತ್ತೊಂಬತ್ತನೇ ಅಧ್ಯಾಯ ಮುಗಿಸಿದೆ. ಅದರಲ್ಲಿ ಒಬ್ಬ ದನದ ಡಾಕ್ಟರು, ಒಬ್ಬ ಬಡಗಿ. ಪುಸ್ತಕ ಕೆಳಗಿಟ್ಟು, ಅದೇ ಉಸಿರಿನಲ್ಲಿ ಕಾಗದ ಬಿಡಿಸಿ ಓದಿದೆ. ಬೇರೆ ಮನೆಗಳಲ್ಲಿ ಇದರಿಂದ ತೊಂದರೆಯಾಗುವುದಿಲ್ಲ. ಪಂಚಾಂಗ ಓದುವವರ ಗೋಡೆಯಿಂದ ಕಾಗದ ಬಂದರೆ ಅದು ಕಾಗದವೆಂದು ಗೊತ್ತಾಗುತ್ತದೆ. ನನ್ನ ಗೋಡೆಯಿಂದ ಹನ್ನೊಂದು ವರ್ಷ ಬಂದದ್ದು ಇದೇ ಮಾತು, ಇದೇ ದನಿ. ಹಾಲಪ್ಪನ ತಾಯಿ ತೀರಿಕೊಂಡ ಸುದ್ದಿಯ ಕಾಗದವನ್ನೂ ನಾನೇ ಓದಿದ್ದೆ, ಆಗ ಗೊಂದಲವಾಗಿರಲಿಲ್ಲ. ನನ್ನ ಕಾದಂಬರಿಗಳಲ್ಲಿ ತಾಯಂದಿರು ಸಾಯುವುದಿಲ್ಲ, ತಡವಾಗಿ ಒಪ್ಪಿಕೊಳ್ಳುತ್ತಾರೆ.

'ಮುಟ್ಟಿತು' ಎಂಬ ಮಾತಿಗಾಗಿ ಒಂಬತ್ತರವರೆಗೆ ಕಾದೆ. ಬರಲಿಲ್ಲ. ಬುಧವಾರ ಬೆಳಿಗ್ಗೆ ನಾನು ಕಚೇರಿಗೆ ಹೊರಟಾಗ ಹಾಲಪ್ಪ ಜಗಲಿಯ ಮೇಲೆ ಗುಂಡಿ ಹೊಲಿಯುತ್ತ ಕೂತಿದ್ದ. 'ಅಕ್ಕ, ನಿನ್ನೆ ಕೊನೇಲಿ ಹೊಸದೊಂದು ಶುರು ಮಾಡಿದ್ರಲ್ಲ, ಅದು ಬ್ಯಾಡ' ಎಂದ. 'ಡಾಕ್ಟ್ರುದೇ ಮುಂದುವರಿಸ್ರಿ.'

ಅವನು ಹೊಸದು ಎಂದದ್ದು ಕಾಗದವನ್ನು. ಬಾಯಿ ತೆರೆಯುವಂತಿಲ್ಲ. ಅವನು ಸೂಜಿಯನ್ನು ಎತ್ತಿ ಹಿಡಿದು ಆ ಹೊಸದರ ದೋಷಗಳನ್ನು ಒಂದೊಂದಾಗಿ ಬಿಡಿಸಿದ. ಬರೆದವನಿಗೆ ಬರೆಯಲು ಬರುವುದಿಲ್ಲ, ಒಂದು ಮುತ್ತಿಲ್ಲ, ಮಳೆಯಿಲ್ಲ. ಕೇಳುತ್ತಾನೋ ಹೆದರಿಸುತ್ತಾನೋ ತಿಳಿಯುವುದಿಲ್ಲ. ನಿಮ್ಮ ಪುಸ್ತಕದವರು ವಿಮಾನ ನಿಲ್ದಾಣದ ತನಕ ಓಡುತ್ತಾರೆ, ಇವನು ಟೇಬಲ್ಲು ಅಳೆಯುತ್ತಾ ಕೂತಿದ್ದಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಮಿಷಿನ್ನಿಗೆ ವಾರವಾರ ಎಣ್ಣೆ ಬಿಡಲು ಯಾರು ಬರುತ್ತಾರೆ? ತಿಂಗಳಿಗೊಂದು ಸಲ ಸಾಕು. ಲೇಖಕನಿಗೆ ವಿಷಯವೇ ಗೊತ್ತಿಲ್ಲ.

ಇದನ್ನು ಹೇಳಿದವನ ಬೆನ್ನ ಹಿಂದೆ ಮೂರು ಮಿಷಿನ್ನುಗಳು ಎಣ್ಣೆಯಿಂದ ಹೊಳೆಯುತ್ತಿದ್ದವು.

ಕಚೇರಿಯಲ್ಲಿ ಅಂದು ನನ್ನ ಕೈಯಿಂದ ಎರಡು ತಪ್ಪು ದಾಟಿಹೋದವು, ಆರು ವರ್ಷದಲ್ಲಿ ಮೊದಲ ಸಲ. ಐದು ಗಂಟೆಗೇ ಮನೆಗೆ ಬಂದು ಕಾದಂಬರಿ ಮುಟ್ಟದೆ, ಪೇಪರಿನಲ್ಲಿದ್ದ ನೀರು ಸರಬರಾಜಿನ ಪ್ರಕಟಣೆಯನ್ನು ಪೂರ್ತಿ ಓದಿದೆ, ಇದು ನಿಜದ ಲೋಕ ಎಂದು ಅವನಿಗೆ ಹೊಳೆಯಲಿ ಎಂದು. ಅದರ ಬೆನ್ನಿಗೇ ಕಾಗದವನ್ನು ನಿಧಾನವಾಗಿ ಓದಿದೆ. 'ಮತ್ತೆ ಅದೇನಾ' ಎಂದು ಗೋಡೆಯಾಚೆಯಿಂದ ದನಿ ಬಂತು. ಆಮೇಲೆ ಮಿಷಿನ್ನು ತುಳಿಯುವ ಸದ್ದು.

ಗುರುವಾರ ಬೆಳಿಗ್ಗೆ ಇನ್ನೊಂದು ಪ್ರಯತ್ನ ಮಾಡಿದೆ. ಕಾಗದದ ಮೇಲಿನ ತಾರೀಖನ್ನು ಮೊದಲೆರಡು ಸಲ ಬಿಟ್ಟಿದ್ದೆ. ಈ ಸಲ ಅದನ್ನೂ ಸೇರಿಸಿ ಓದಿದೆ. ಹೊರಗೆ ಸಿಕ್ಕಾಗ ಹಾಲಪ್ಪ, ಈಗಿನ ಲೇಖಕರು ನಿಜ ಅನ್ನಿಸಲಿ ಅಂತ ತಾರೀಖು ಬೇರೆ ಹಾಕುತ್ತಾರೆ ಎಂದು ಬೇಸರಪಟ್ಟುಕೊಂಡ. ಅವನ ಮುಖವನ್ನು ಗಮನಿಸಿ ನೋಡಿದೆ. ನಾಟಕ ಕಾಣಲಿಲ್ಲ. ಕೇಳುಗನನ್ನು ಹೀಗೆ ತಯಾರು ಮಾಡಿದವಳು ನಾನೇ ಎಂದು ಆಗ ಅರಿವಾಯಿತು. ಹನ್ನೊಂದು ವರ್ಷದ ಪುಸ್ತಕಗಳ ಓಟ, ಮಳೆ, ವಿಮಾನ ನಿಲ್ದಾಣಗಳನ್ನು ಅವನ ಕಿವಿಗೆ ಸುರಿದಿದ್ದೆ. ಈಗ ಒಬ್ಬ ಮನುಷ್ಯ ರೂಮಿಗೆ ಹೋಗಿ ಟೇಪು ಹಿಡಿದು ಟೇಬಲ್ಲಿಗೆ ಜಾಗ ಅಳೆದು ಬಂದರೆ ಅದು ಪ್ರೀತಿ ಎಂದೇ ಅನ್ನಿಸುತ್ತಿಲ್ಲ.

ಅಂದು ಸಂಜೆ ಚಹಾದಂಗಡಿಯ ಬೆಂಚಿನಿಂದ ತಿಪ್ಪೇಶಿ ನನ್ನನ್ನೇ ನೋಡಿದ. ನಾನು ಏನೂ ಹೇಳುವಂತಿರಲಿಲ್ಲ. ಅವನು ಲೋಟ ಇಟ್ಟು ಎದ್ದುಹೋದ. ಅವನ ಮೇಲೂ ನನಗೆ ಸಿಟ್ಟು ಬಂತು. ಚಹಾದಂಗಡಿಯಿಂದ ಹಾಲಪ್ಪನ ಬಾಗಿಲಿಗೆ ನಲವತ್ತು ಹೆಜ್ಜೆ. ಪುಸ್ತಕದಲ್ಲಾಗಿದ್ದರೆ ಈ ಜಾಗದಲ್ಲಿ ನಾನು ಅಂಚಿನಲ್ಲಿ ಪೆನ್ಸಿಲಿನಿಂದ 'ಹೋಗಿ ಹೇಳೋ ಮಾರಾಯ' ಎಂದು ಗೀಚಿರುತ್ತಿದ್ದೆ.

ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ ಹಾಕಿದೆ. ಮೂರು ಗಂಟೆಗೆ ಕಾಗದ ಹಿಡಿದು ಹಾಲಪ್ಪನ ಮನೆಗೆ ಹೋದೆ. ದಾರಿಯುದ್ದಕ್ಕೂ, ಅಂದರೆ ಒಂಬತ್ತು ಹೆಜ್ಜೆ, ನಿಯಮವನ್ನು ತಿರುವಿಹಾಕಿದೆ. ಮಾತಾಡಬಾರದು ಎಂದಿದೆ. ಕಾಗದವನ್ನು ಕೈಗೆ ಕೊಡಬಾರದು ಎಂದು ಯಾರೂ ಹೇಳಿಲ್ಲ, ಯಾಕೆಂದರೆ ಯಾರಿಗೂ ಅದರ ಅಗತ್ಯ ಬಿದ್ದಿಲ್ಲ. ಆದರೆ ಅದು ತಿಪ್ಪೇಶಿ ನನ್ನನ್ನು ನಂಬಿ ಕೊಟ್ಟದ್ದು. ಹಾಲಪ್ಪ ಓದಿ ನಕ್ಕುಬಿಟ್ಟರೆ, ಅಥವಾ ಕೊಟ್ರಮ್ಮನಿಗೆ ಕೇಳಿ ಬೀದಿಯೆಲ್ಲ ಹಬ್ಬಿದರೆ, ಅದರ ಹೊಣೆ ನನ್ನದು. ಆದರೂ ಹೊಸ್ತಿಲು ದಾಟಿದೆ. ಕತ್ತರಿಸುವ ಟೇಬಲ್ಲಿನ ಮೇಲೆ ಕಾಗದ ಇಟ್ಟು ಪಕ್ಕದ ಸ್ಟೂಲಿನಲ್ಲಿ ಕೂತೆ.

ಕುಪ್ಪಸದ ಅಳತೆಯೋ ಎಂದು ಹಾಲಪ್ಪ ಕೇಳಿದ. ಕಾಗದ ಬಿಡಿಸಿದ. ಓದುವ ಮೊದಲೇ ಅಕ್ಷರ ಕಂಡಿತು. ಪ್ರತಿ ಮಿಷಿನ್ನಿನ ಬಗಲಿಗೂ ಎಣ್ಣೆ ಬಿಟ್ಟ ತಾರೀಖಿನ ಚೀಟಿ ಅಂಟಿಸುವುದು ತಿಪ್ಪೇಶಿಯ ರೂಢಿ. ಆ ಬಾಗಿದ ಉದ್ದನೆಯ ಕೈಬರಹ ಇಡೀ ಮನೆಯಲ್ಲಿತ್ತು. ಹಾಲಪ್ಪ ಕಾಗದವನ್ನು ತಟ್ಟನೆ ಬೋರಲು ಹಾಕಿ ಅದರ ಮೇಲೆ ಅಂಗೈ ಇಟ್ಟ. ಎಡಗಡೆಯ ಗೋಡೆಯಾಚೆ ಕೊಟ್ರಮ್ಮ ಅಕ್ಕಿ ಕೇರುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

'ಮೂರು ದಿನದಿಂದ ನೀವು ಓದ್ತಿದ್ದದ್ದು ಇದನ್ನಾ' ಎಂದ.

'ನಿಮ್ಮ ಪುಸ್ತಕದಲ್ಲೆಲ್ಲ ಅವನೇ ಬರ್ತಿದ್ದ ಅಕ್ಕ. ನೀವು ಏನೇ ಓದ್ರಿ, ನಂಗೆ ಅವನೇ ಕಾಣೋನು. ಒಂದರಲ್ಲಿ ಬೇಕರಿ ಇಟ್ಟಿದ್ದ, ಒಂದರಲ್ಲಿ ಮೇಷ್ಟ್ರು ಆಗಿದ್ದ, ಈಗ ದನದ ಡಾಕ್ಟ್ರು. ಇದರಾಗೆ ಮಿಷಿನ್ ರಿಪೇರಿಯವನಾಗಿ ಬಂದಾಗ ಹೊಸದೇನು ಅನ್ನಿಸಲಿಲ್ಲ ನಂಗೆ.'

ಕಾಗದದಲ್ಲಿ ಏನಿದೆಯೆಂದು ಅವನಿಗೆ ಮೂರು ಸಲ ಕೇಳಿಯಾಗಿದೆ, ಇನ್ನು ಓದುವ ಅಗತ್ಯವಿಲ್ಲ ಎಂದುಕೊಂಡೆ. 'ಮುಟ್ಟಿತು' ಎಂದರೆ ಮುಗಿಯಿತು. ಕೊಟ್ರಮ್ಮನಿಗೆ ಒಂದು ಅಕ್ಷರವೂ ತಿಳಿಯುವುದಿಲ್ಲ. ನನ್ನ ಕಣ್ಣು ಎಡಗೋಡೆಯ ಕಡೆ ಹೋದದ್ದನ್ನು ಹಾಲಪ್ಪ ನೋಡಿದ.

'ಕೇಳಿದ್ರೆ ಕೇಳ್ಲಿ. ನಿಮ್ಮ ದನೀಲಿ ಕೇಳಿದ್ದು ಕತೆ ಆಯ್ತು. ಅವನು ಬರೆದಿದ್ದನ್ನ ನಾನು ಓದ್ಬೇಕು' ಎಂದು ಕಾಗದ ತಿರುಗಿಸಿ ಎರಡೂ ಕೈಯಲ್ಲಿ ಹಿಡಿದ.

ಅವನು ಓದಿದ್ದು ನನಗೆ ಕೇಳುವುದು ಸಾಧ್ಯವಿಲ್ಲ. ನನಗೆ ಕೇಳಿಸಿದ್ದು ಮೊರದ ಸದ್ದು ಮಾತ್ರ. ಅದು ನಿಂತಿತು. ಸ್ವಲ್ಪ ಹೊತ್ತಿಗೆ ಎರಡು ಸಲ ಕೇರಿದ ಸದ್ದಾಗಿ ಮತ್ತೆ ನಿಂತಿತು. ಹಾಲಪ್ಪ ಎರಡು ಸಲ ಓದಿದನೆಂದು ನಾನು ತಿಳಿದದ್ದು ಇದರಿಂದ.

ಕೊಟ್ರಮ್ಮ ಕೈಯಲ್ಲಿ ಮೊರ ಹಿಡಿದೇ ಬಾಗಿಲಿಗೆ ಬಂದಳು. ಎಪ್ಪತ್ತರ ಹೆಂಗಸು, ಬಾಗಿಲಿನ ಅರ್ಧದಷ್ಟೇ ಎತ್ತರ. ನನ್ನನ್ನು ನೋಡಿದಳು, ಹಾಲಪ್ಪನನ್ನು ನೋಡಿದಳು. ನಾನು ಸ್ಟೂಲಿನಿಂದ ಎದ್ದು ನಿಂತೆ.

'ಶನಿವಾರ ಅಂದ್ರೆ ನಾಳೇನೇ ಆತಲ್ಲೋ' ಎಂದಳು. 'ನನ್ನ ಸೊಸೆ ಕುಪ್ಪಸ ಯಾವಾಗ ಹೊಲೀತೀಯ?'

ಹಾಲಪ್ಪ, ಇವತ್ತು ರಾತ್ರಿಯೊಳಗೆ ಕೊಡುತ್ತೇನೆ ಎಂದ. ತೋಳು ಹೋದ ಸಲದಂತೆ ಬಿಗಿ ಮಾಡಬೇಡ ಎಂದು ಕೊಟ್ರಮ್ಮ ಎಚ್ಚರಿಸಿದಳು. ಹೋಗುವ ಮುಂಚೆ ತಿರುಗಿ, ಮಿಷಿನ್ನಿಗೆ ಎಷ್ಟು ಎಣ್ಣೆ ಬೇಕಂತ ತನಗೂ ಗೊತ್ತಿಲ್ಲವೇನು, ತಾನೇನು ನಿನ್ನೆ ಹುಟ್ಟಿದವಳಾ ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ತಿಪ್ಪೇಶಿ ಆರಕ್ಕೆ ಐದು ನಿಮಿಷ ಇರುವಾಗ ಕಾಗದ ವಾಪಸು ಕೇಳಲು ನನ್ನ ಮನೆಗೆ ಬಂದ. ನನ್ನ ಹತ್ತಿರ ಇಲ್ಲ ಎಂದೆ. ಕಳೆದುಹೋಯಿತೆ ಎಂದು ಕೇಳಿದ. ಇಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಅವನ ತೋಳು ಹಿಡಿದು ಒಂಬತ್ತು ಹೆಜ್ಜೆ ನಡೆಸಿ, ಹಾಲಪ್ಪನ ಬಾಗಿಲೊಳಗೆ ನೂಕಿ, ಹೊರಗಿನಿಂದ ಬಾಗಿಲೆಳೆದುಕೊಂಡು ಬಂದೆ. ಇದು ಯಾವ ಪದ್ಧತಿಯಲ್ಲೂ ಇಲ್ಲ. ಅಂದಿನಿಂದ ಇಂದಿನವರೆಗೆ ನನ್ನ ಮನೆಗೆ ಒಂದು ಕಾಗದವೂ ಬಂದಿಲ್ಲ, ಅದನ್ನೂ ಇಲ್ಲೇ ದಾಖಲಿಸುತ್ತೇನೆ.

ಶನಿವಾರ ಬೆಳಿಗ್ಗೆ ಕತ್ತರಿಸುವ ಟೇಬಲ್ಲು ಮತ್ತು ಮೂರು ಮಿಷಿನ್ನುಗಳನ್ನು ಬಸ್ಸಿನ ಮೇಲೆ ಏರಿಸಬೇಕಿತ್ತು. ಹಗ್ಗ ಕಟ್ಟುವ ವಿಷಯದಲ್ಲಿ ಜಗಳ ಶುರುವಾಯಿತು. ಟೇಬಲ್ಲನ್ನು ಬೋರಲು ಹಾಕಬೇಕು ಎಂದು ತಿಪ್ಪೇಶಿ, ಮರಕ್ಕೆ ಗೀರು ಬೀಳುತ್ತದೆ ಎಂದು ಹಾಲಪ್ಪ. ಎಣ್ಣೆ ಬಿಟ್ಟು ಬೇರೇನೂ ಬಾಯಿಗೆ ಬರದವನು ಬಸ್ಸಿನ ನೆತ್ತಿಯ ಮೇಲೆ ನಿಂತು, ನಿನಗೆ ಗಂಟು ಹಾಕಲು ಬರುತ್ತದೋ ಇಲ್ಲವೋ ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗುತ್ತಿದ್ದ. ಕೆಳಗಿನಿಂದ ಹಾಲಪ್ಪ ಅಷ್ಟೇ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ. ಕೊಟ್ರಮ್ಮ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದಳು. ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು ಇಬ್ಬರೂ ಮರೆತಿದ್ದರು. ಬಿಸಿಲಿನಲ್ಲಿ ಅದನ್ನು ಹಿಡಿದು ನಿಂತೆ. ಇಬ್ಬರಲ್ಲಿ ಒಬ್ಬನೂ ಸೋಲುವ ಲಕ್ಷಣ ಇರಲಿಲ್ಲ, ಇಬ್ಬರಲ್ಲಿ ಒಬ್ಬನೂ ಬಿಟ್ಟುಹೋಗುವ ಲಕ್ಷಣವೂ ಇರಲಿಲ್ಲ. ಕೊನೆಗೆ ಕಂಡಕ್ಟರ್ ಹತ್ತಿ ತಾನೇ ಕಟ್ಟಿದ. ಹತ್ತರ ಬಸ್ಸು ಹತ್ತೂ ಹನ್ನೆರಡಕ್ಕೆ ಹೊರಟಿತು.